ಪರ–ವಿರೋಧ: ರಬ್ಬರ್ ತೋಟದ ಮನೆಯಲ್ಲಿ ಮ್ಯಾಕ್‌ಬೆತ್‌ನ ದುರಂತ ನೆಲೆಯೂರುತ್ತದೆಯೇ?

ಪರ: ಇಲ್ಲಿ ದೊರೆಯೇ ತಂದೆ

ಷೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ನಾಟಕದಲ್ಲಿ ದಂಡನಾಯಕ ಮ್ಯಾಕ್‌ಬೆತ್ ಸಿಂಹಾಸನಕ್ಕಾಗಿ ತನ್ನ ದೊರೆ ಡಂಕನ್‌ನನ್ನು ಕೊಲ್ಲುತ್ತಾನೆ. ಮಲಗಿದ್ದ ಆ ದೊರೆಯ ಮುಖ ತನ್ನ ತಂದೆಯ ಮುಖದಂತೆ ಕಾಣದೇ ಹೋಗಿದ್ದರೆ ತಾನೇ ಆ ಕೆಲಸ ಮುಗಿಸಿಬಿಡುತ್ತಿದ್ದೆ ಎಂದು ಮ್ಯಾಕ್‌ಬೆತ್‌ನ ಹೆಂಡತಿ ನಾಟಕದ ಒಂದೆಡೆ ಹೇಳುತ್ತಾಳೆ. ಶ್ಯಾಮ್ ಪುಷ್ಕರನ್ ಬರೆದು ದಿಲೀಶ್ ಪೋತನ್ ನಿರ್ದೇಶಿಸಿದ, 2021ರ ಏಪ್ರಿಲ್‌ನಲ್ಲಿ ಅಮೆಜಾನ್ ಪ್ರೈಮ್‌ನಲ್ಲಿ ನೇರವಾಗಿ ತೆರೆಕಂಡ ಮಲಯಾಳಂ ಚಿತ್ರ ‘ಜೋಜಿ’ ಆ ಮಾತು ನಿಲ್ಲುವಲ್ಲಿಂದಲೇ ಶುರುವಾಗುತ್ತದೆ. ಇಲ್ಲಿ ದೊರೆಯೇ ತಂದೆ, ಕೊಲ್ಲುವವನು ಮಗ. ಷೇಕ್ಸ್‌ಪಿಯರ್‌ನ ಹೆಣ್ಣು ಅಂಜಿ ಹಿಂದೆ ಸರಿದ ಹೊಸ್ತಿಲನ್ನು ಈ ಚಿತ್ರ ದಾಟುತ್ತದೆ ಎಂಬುದಕ್ಕೇ ನಾನು ಇದನ್ನು ಸಮರ್ಥ ರೂಪಾಂತರ ಎನ್ನುತ್ತೇನೆ.

ನಾಟಕದ ಮಾಟಗಾತಿಯರೆಲ್ಲಿ, ಕಿರೀಟವೆಲ್ಲಿ ಎಂದು ಕೇಳುವವರು ಪ್ರತಿ ರೂಪಾಂತರದಲ್ಲೂ ವೇಷಭೂಷಣವನ್ನೇ ಹುಡುಕುತ್ತಾರೆ. ಚಿತ್ರದ ತಂದೆ ಪನಚೇಲ್ ಕುಟ್ಟಪ್ಪನ್‌ಗೆ ಕಿರೀಟದ ಅಗತ್ಯವಿಲ್ಲ. ಮೂವರು ಬೆಳೆದ ಗಂಡುಮಕ್ಕಳಿದ್ದರೂ ತೋಟ, ಹಣ, ತೀರ್ಮಾನ ಎಲ್ಲವೂ ಅವನ ಮುಷ್ಟಿಯಲ್ಲಿವೆ. ಎಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟು ಮನೆ ಸೇರಿದ ಕಿರಿಯ ಮಗ ಜೋಜಿಗೆ, ಅಂದರೆ ಫಹಾದ್ ಫಾಸಿಲ್‌ಗೆ, ಆ ಮನೆಯಲ್ಲಿ ಇರುವ ಬೆಲೆ ಎಷ್ಟೆಂದು ಅವನ ಬಗ್ಗಿದ ಬೆನ್ನೇ ತಿಳಿಸುತ್ತದೆ.

ಇದು ನನಗೆ ಗೊತ್ತಿರುವ ಮನೆ. ನನ್ನ ತಾಯಿಯ ತವರು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಅಜ್ಜನ ಸೊಂಟದ ಉಡಿದಾರದಲ್ಲಿ ಬೀಗದಕೈ ಗೊಂಚಲು ನೇತಾಡುತ್ತಿತ್ತು, ಅಡಿಕೆ ಮಂಡಿಯ ಲೆಕ್ಕವನ್ನು ಅವರು ಯಾರಿಗೂ ತೋರಿಸುತ್ತಿರಲಿಲ್ಲ. ನಲವತ್ತು ದಾಟಿದ ನನ್ನ ಮಾವ ಬಸ್ ಚಾರ್ಜಿಗಾಗಿ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಿದ್ದುದನ್ನು ನಾನು ಕಂಡಿದ್ದೇನೆ. ಅಜ್ಜನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಾಗ ಮನೆಯಲ್ಲಿ ಜೋರಾದ ಮಾತುಗಳು, ಅಡುಗೆಮನೆಯಿಂದ ನಗು ಸಹ, ಮೊದಲ ಬಾರಿಗೆ ಕೇಳಿಬಂದವು. ಮೂರನೆಯ ವಾರ ವೈದ್ಯರು ಬಂದು ಇನ್ನು ಭಯವಿಲ್ಲ, ಎದ್ದು ಓಡಾಡುತ್ತಾರೆ ಎಂದರು. ಜಗಲಿಯಲ್ಲಿದ್ದ ಯಾರೂ ಏನನ್ನೂ ಹೇಳಲಿಲ್ಲ. ಮಾವ ಎದ್ದು ಕೊಟ್ಟಿಗೆಯ ಕಡೆ ನಡೆದುಹೋದರು, ಅತ್ತೆ ವೈದ್ಯರಿಗೆ ಕಾಫಿ ತರಲು ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲೇ ಇಲ್ಲ. ಅವರಿಬ್ಬರೂ ಕೆಟ್ಟವರಾಗಿರಲಿಲ್ಲ, ಅಜ್ಜನನ್ನು ಇನ್ನೂ ಹನ್ನೊಂದು ವರ್ಷ ಚೆನ್ನಾಗಿಯೇ ನೋಡಿಕೊಂಡರು. ಆದರೆ ಆ ದಿನದ ಮೌನವನ್ನು ನಾನು ಮರೆತಿಲ್ಲ.

ಚಿತ್ರದಲ್ಲೂ ಲಕ್ವ ಹೊಡೆದ ತಂದೆ ಚೇತರಿಸಿಕೊಳ್ಳುತ್ತಾನೆ. ಅವನನ್ನು ಕೊಲ್ಲಲು ಜೋಜಿ ಅವನ ಮಾತ್ರೆಗಳನ್ನು ಬದಲಿಸುವಾಗ ಅತ್ತಿಗೆ ಬಿನ್ಸಿ ನೋಡಿಯೂ ಸುಮ್ಮನಿರುತ್ತಾಳೆ. ಬಿನ್ಸಿಯಾಗಿ ನಟಿಸಿದ ಉಣ್ಣಿಮಾಯ ಪ್ರಸಾದ್ ಅವರ ಮುಖದಲ್ಲಿ ಅದೇ ಮೌನವಿದೆ. ಅಂತ್ಯಸಂಸ್ಕಾರಕ್ಕೆ ಮಾಸ್ಕ್ ಹಾಕಿಕೊಂಡು ಬಾ ಎಂದು ಅವಳು ಮೈದುನನಿಗೆ ಹೇಳುವಾಗ, ಸಾಂಕ್ರಾಮಿಕದ ದಿನಗಳ ಒಂದು ಸಾಮಾನ್ಯ ಎಚ್ಚರಿಕೆಯ ಮಾತು ಇಬ್ಬರು ಪಾಲುದಾರರ ಒಪ್ಪಂದವಾಗಿ ಕೇಳಿಸುತ್ತದೆ.

ವಿರೋಧ: ಬೀಳಲು ಎತ್ತರ ಬೇಕು

ವಿರೋಧದ ಪಕ್ಷವನ್ನು ಸಂಪಾದಕರು ನನಗೆ ವಹಿಸಿದ್ದಾರೆ. ಶೈಜು ಖಾಲಿದ್ ಅವರ ಛಾಯಾಗ್ರಹಣವನ್ನಾಗಲಿ, ಕೇರಳ ರಾಜ್ಯ ಪ್ರಶಸ್ತಿ ಪಡೆದ ನಿರ್ದೇಶನವನ್ನಾಗಲಿ ನಾನು ಅಲ್ಲಗಳೆಯುವುದಿಲ್ಲ. ಅಪರಾಧ ಕಥೆಯಾಗಿ ‘ಜೋಜಿ’ ಒಳ್ಳೆಯ ಚಿತ್ರ. ಅದನ್ನು ಮ್ಯಾಕ್‌ಬೆತ್ ಎಂದು ಕರೆಯುವುದಕ್ಕಷ್ಟೇ ನನ್ನ ಆಕ್ಷೇಪ.

ಪದವಿ ತರಗತಿಗಳಲ್ಲಿ ನಾನು ಈ ನಾಟಕವನ್ನು ಹಲವು ವರ್ಷ ಪಾಠ ಮಾಡಿದ್ದೇನೆ. ಮೊದಲನೆಯ ಅಂಕದ ಕೊನೆಯಲ್ಲಿ ಮ್ಯಾಕ್‌ಬೆತ್, ಡಂಕನ್ ತನಗೆ ಬಂಧು, ದೊರೆ, ಈ ರಾತ್ರಿಯ ಅತಿಥಿ, ಅದಕ್ಕಿಂತ ಹೆಚ್ಚಾಗಿ ಸಜ್ಜನ ಎಂದು ತನಗೆ ತಾನೇ ಹೇಳಿಕೊಂಡು, ಕೊಲ್ಲಬಾರದ ಕಾರಣಗಳನ್ನೆಲ್ಲ ಒಂದೊಂದಾಗಿ ಎಣಿಸಿ, ಆಮೇಲೆ ಕೊಲ್ಲುತ್ತಾನೆ. ದುರಂತ ಇರುವುದು ಆ ಎಣಿಕೆಯಲ್ಲಿ. ಕುಟ್ಟಪ್ಪನ್‌ನನ್ನು ಕ್ರೂರಿಯಾಗಿಸಿದ್ದರಿಂದ ಕೊಲೆಯ ಭಾರ ಅರ್ಧ ಇಳಿದುಹೋಗುತ್ತದೆ, ನೋಡುವವರ ಕನಿಕರ ಕೊಲೆಗಾರನತ್ತ ಸುಲಭವಾಗಿ ವಾಲುತ್ತದೆ. ಮ್ಯಾಕ್‌ಬೆತ್ ದೇಶವನ್ನು ಕಾಪಾಡಿದ ದಂಡನಾಯಕನಾಗಿ ರಂಗಕ್ಕೆ ಬರುತ್ತಾನೆ. ಕಳೆದುಕೊಳ್ಳಲು ಏನೂ ಇಲ್ಲದ ಜೋಜಿ ಬೀಳುವುದಾದರೂ ಎಲ್ಲಿಂದ? ಮ್ಯಾಕ್‌ಬೆತ್‌ನ ಹೆಂಡತಿಗಿದ್ದಂತೆ ಬಿನ್ಸಿಗೆ ನಿದ್ರೆಯಲ್ಲಿ ನಡೆಯುವ ರಾತ್ರಿಯೂ ಇಲ್ಲ, ತೊಳೆದರೂ ಹೋಗದ ಕಲೆಯೂ ಇಲ್ಲ.

ರೂಪಾಂತರ ಹೇಗಿರಬೇಕೆಂಬುದಕ್ಕೆ ನಮ್ಮವರೇ ಆದ ಬಿ.ವಿ. ಕಾರಂತರು 1979ರಲ್ಲಿ ಇದೇ ನಾಟಕವನ್ನು ಹಿಂದಿಯಲ್ಲಿ, ನಾಟಕದಲ್ಲಿ ಬರುವ ಕಾಡಿನದೇ ಹೆಸರಾದ ‘ಬರ್ನಮ್ ವನ’ ಎಂಬ ಹೆಸರಿನಿಂದ, ಯಕ್ಷಗಾನದ ಹೆಜ್ಜೆಗಳನ್ನು ಬಳಸಿ ರಂಗಕ್ಕೆ ತಂದದ್ದನ್ನು ನೆನೆಯಬೇಕು. ಹೆಸರೇ ಹೇಳುವಂತೆ ಅಲ್ಲಿ ಕಾಡು ಮ್ಯಾಕ್‌ಬೆತ್‌ನನ್ನು ಸುತ್ತಿಕೊಳ್ಳುವ ಮಹತ್ವಾಕಾಂಕ್ಷೆಯ ಜಾಲವಾಗಿತ್ತು. ಇಲ್ಲಿ ರಬ್ಬರ್ ತೋಟ ಸುಂದರವಾದ ಹಿನ್ನೆಲೆಯಾಗಿಯೇ ಉಳಿಯುತ್ತದೆ.

ಸೋಲು ಖಚಿತವೆಂದು ತಿಳಿದ ಮೇಲೂ ಮ್ಯಾಕ್‌ಬೆತ್ ಗುರಾಣಿ ಹಿಡಿದು ತನ್ನ ವೈರಿ ಮ್ಯಾಕ್‌ಡಫ್‌ನ ಎದುರು ನಿಲ್ಲುತ್ತಾನೆ. ಜೋಜಿ ಸಮಾಜದ ಮೇಲೆ ತಪ್ಪು ಹೊರಿಸಿ ಚೀಟಿ ಬರೆದು ತನಗೆ ತಾನೇ ಗುಂಡು ಹೊಡೆದುಕೊಳ್ಳುತ್ತಾನೆ, ಅದರಲ್ಲೂ ಬದುಕುಳಿಯುತ್ತಾನೆ. ಆಸ್ಪತ್ರೆಯ ಹಾಸಿಗೆಯಲ್ಲಿ ಅಲುಗಾಡಲಾರದೆ ಬಿದ್ದವನನ್ನು, ತಪ್ಪೊಪ್ಪಿಕೊಳ್ಳುವುದಾದರೆ ಕಣ್ಣು ಮಿಟುಕಿಸು ಎಂದು ಪೊಲೀಸರು ಕೇಳಬೇಕಾಗುತ್ತದೆ. ಮ್ಯಾಕ್‌ಬೆತ್‌ಗೆ ಆ ಪ್ರಶ್ನೆಯನ್ನು ಬೇರೆ ಯಾರೂ ಕೇಳಬೇಕಾಗಿರಲಿಲ್ಲ.