ಸತ್ಯಾಂಶ: ಸಂವಹನ ಸಾಮರ್ಥ್ಯಕ್ಕೆ ವ್ಯಾಕರಣ ಬೇಡವೇ?

‘ವ್ಯಾಕರಣ ಮರೆತುಬಿಡಿ, ತಡವರಿಸದೆ ಮಾತನಾಡಿದರೆ ಅದೇ ಸಂವಹನ ಸಾಮರ್ಥ್ಯ’ ಎಂಬ ಸಂದೇಶ ಕೊಡಗಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಸಂವಹನ ಸಾಮರ್ಥ್ಯ ಎಂಬ ಪರಿಕಲ್ಪನೆಯನ್ನು 1960ರ ದಶಕದಲ್ಲಿ ಮುಂದಿಟ್ಟವರು ಅಮೆರಿಕದ ಭಾಷಾ ವಿದ್ವಾಂಸ ಡೆಲ್ ಹೈಮ್ಸ್. ವಾಕ್ಯ ಸರಿಯಿದ್ದರೆ ಸಾಲದು, ಯಾರೊಡನೆ, ಯಾವಾಗ, ಹೇಗೆ ಮಾತನಾಡಬೇಕೆಂಬ ಅರಿವೂ ಬೇಕು ಎಂದರು, ವ್ಯಾಕರಣವನ್ನು ತಳ್ಳಿಹಾಕಲಿಲ್ಲ. 1980ರಲ್ಲಿ ಇದನ್ನು ಭಾಷಾ ಬೋಧನೆಗೆ ವಿಸ್ತರಿಸಿದ ಮೈಕೆಲ್ ಕನಾಲ್ ಮತ್ತು ಮೆರಿಲ್ ಸ್ವೈನ್ ಕೂಡ ವ್ಯಾಕರಣವನ್ನು ಅದರ ಒಂದು ಅಂಗವಾಗಿಯೇ ಉಳಿಸಿಕೊಂಡರು.

ಅಸ್ಸಾಮಿನಿಂದ ಕಾಫಿ ತೋಟಕ್ಕೆ ದುಡಿಯಲು ಬಂದು ಕನ್ನಡ ಕಲಿಯುತ್ತಿರುವವರನ್ನು ನೋಡಿ. ‘ನಾಳೆ ಬರುವುದಿಲ್ಲ’ ಎಂಬ ವಾಕ್ಯದಲ್ಲಿ ದೋಷವಿಲ್ಲ. ಆದರೆ ಕೊಯ್ಲಿನ ಕಾಲದಲ್ಲಿ ಮೇಸ್ತ್ರಿಗೆ ಇಷ್ಟೇ ಹೇಳಿದರೆ ಒರಟಾಗಿ ಕೇಳಿಸುತ್ತದೆ. ‘ಮಗುವಿಗೆ ಹುಷಾರಿಲ್ಲ, ನಾಳೆ ರಜೆ ಕೊಡುತ್ತೀರಾ?’ ಎಂದು ಕೇಳಲು ಬೇರೆಯೇ ತಿಳಿವಳಿಕೆ ಬೇಕು. ಪದ ಸಿಗದಾಗ ಕೈಸನ್ನೆ ಮಾಡಿ, ಸುತ್ತಿಬಳಸಿ ಹೇಳಿ ಮಾತು ಮುಂದುವರಿಸುವುದೂ ಈ ಸಾಮರ್ಥ್ಯದ ಭಾಗವೇ. ಹಾಗಾಗಿ ತಡವರಿಸುವವರನ್ನು ಅಸಮರ್ಥರೆನ್ನುವುದು ಅನ್ಯಾಯ.

ಅದೇ ಮಗುವನ್ನು ಮಡಿಕೇರಿಯ ಆಸ್ಪತ್ರೆಗೆ ಕರೆದೊಯ್ದಾಗ ಮಾತ್ರ ವ್ಯಾಕರಣ ಬಿಟ್ಟರೆ ನಡೆಯದು: ‘ನಿನ್ನೆ ಜ್ವರವಿತ್ತು’ ಎಂದರೆ ಒಂದು, ‘ನಿನ್ನೆಯಿಂದ ಜ್ವರವಿದೆ’ ಎಂದರೆ ಇನ್ನೊಂದು.