ಎರಡು ಬೆರಳಿನ ತಂತ್ರ

ಇವತ್ತು ನಾಲ್ಕನೇ ತರಗತಿಯ ಮುಂದೆ ನಿಂತು ನಾನು ಎರಡು ಬೆರಳು ಎತ್ತಿದೆ. ಅದರ ಉರಿ ಇನ್ನೂ ಆರಿಲ್ಲ.

ತಪ್ಪು ನನ್ನದಲ್ಲ, ಹೋದ ವಾರದ ತರಬೇತಿಯದು. 'ತರಗತಿ ನಿರ್ವಹಣೆ' ಅಂತ ಮೂರು ದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ್ದರು. "ಕೂಗಬೇಡಿ. ಎರಡು ಬೆರಳೆತ್ತಿ ಸುಮ್ಮನೆ ನಿಂತುಬಿಡಿ. ನೋಡಿದ ಮಕ್ಕಳೂ ಬೆರಳೆತ್ತಿ ಸುಮ್ಮನಾಗ್ತಾರೆ" ಅಂದರು ಸಂಪನ್ಮೂಲ ವ್ಯಕ್ತಿಗಳು. ಹಾಗೇ ಎತ್ತಿಯೂ ತೋರಿಸಿದರು. ನಾವು ನಲವತ್ತು ಜನ ಡಿಎ, ವರ್ಗಾವಣೆ ಅಂತ ಮಾತಾಡುತ್ತಲೇ ಇದ್ದೆವು. ಪಾಪ, ಒಂದು ಕೈ ನೋವು ಬಂದು ಇನ್ನೊಂದು ಕೈ ಎತ್ತಿದರು. ಕೊನೆಗೆ ಚಹಾ ಬಂತು, ಎಲ್ಲರೂ ಸುಮ್ಮನಾದೆವು.

ಇವತ್ತು ಬಿಸಿಯೂಟದ ನಂತರದ ಪೀರಿಯಡ್. ಭಿನ್ನರಾಶಿ. ಒಬ್ಬನ ರಬ್ಬರನ್ನು ಇನ್ನೊಬ್ಬ ಕಚ್ಚಿ, ಕ್ಲಾಸು ಸಂತೆಯಾಗಿತ್ತು. ಬೆರಳೆತ್ತಿ, ತರಬೇತಿಯಲ್ಲಿ ಹೇಳಿದ ಹಾಗೆ ನಗುಮುಖ ಮಾಡಿ ನಿಂತೆ.

ಮುಂದಿನ ಸಾಲಿನ ಹುಡುಗಿ ನೋಡಿದಳು. ಪಕ್ಕದವಳ ಕಿವಿಯಲ್ಲಿ ಏನೋ ಅಂದಳು. ಅವಳು ಹಿಂದಿನವಳಿಗೆ ಅಂದಳು. ಆಮೇಲೆ ಲೀಡರ್ ಎದ್ದು, ಬಹಳ ಮರ್ಯಾದೆಯಿಂದ, "ಮಿಸ್, ಹೋಗ್ಬನ್ನಿ ಮಿಸ್. ನಾನು ನೋಡ್ಕೋತೀನಿ" ಅಂದ.

ಒಂದು ಬೆರಳು ಒಂದಕ್ಕೆ, ಎರಡು ಬೆರಳು ಎರಡಕ್ಕೆ. ಒಂದನೇ ಕ್ಲಾಸಿನಲ್ಲಿ ನಾನೇ ಕಲಿಸಿದ್ದು. ಮಗ್ಗಿ ಮರೆತಿದ್ದಾರೆ, ಇದನ್ನು ಮಾತ್ರ ಯಾರೂ ಮರೆತಿಲ್ಲ.

'ತಾಳ್ಮೆಯಿಂದ ಕಾಯಿರಿ' ಅಂದಿದ್ದರಲ್ಲ, ನಾನು ಕೈ ಇಳಿಸಲಿಲ್ಲ. "ಅರ್ಜೆಂಟ್ ಕಣೋ, ಕೈ ಇಳಿಸ್ತಾನೇ ಇಲ್ಲ" ಅಂತ ಹಿಂದಿನಿಂದ ಒಂದು ದನಿ. "ಬಕೆಟ್‌ನಲ್ಲಿ ನೀರು ಇಟ್ಟು ಬರ್ಲಾ ಮಿಸ್?" ಅಂತ ಇನ್ನೊಬ್ಬ ಎದ್ದೇಬಿಟ್ಟ.

ನಮ್ಮ ಮೇಷ್ಟ್ರಿಗೆ ಇಂಥ ತಂತ್ರವೆಲ್ಲ ಬೇಕಿರಲಿಲ್ಲ. ಹುಣಸೆ ಬರಲನ್ನು ಮೇಜಿನ ಮೇಲಿಟ್ಟರೆ ಸಾಕಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ ಹೊಡೆತ ನಿಲ್ಲಿಸಿತು, ಒಳ್ಳೆಯದೇ ಆಯಿತು. ಆ ಬರಲಿನ ಭಯಕ್ಕೆ ನಾನು ಒಂದಕ್ಕೆ ಹೋಗಬೇಕು ಅಂತಲೂ ಕೇಳದೆ ಕೂತಿದ್ದೆ. ಕೂತಲ್ಲೇ... ಇರಲಿ ಬಿಡಿ. ಈ ಮಕ್ಕಳು ನೋಡಿದರೆ ಮಿಸ್‌ಗೇ ನೀರು ಇಡ್ತೀನಿ ಅಂತಾರೆ.

ಬೇರೆ ದಾರಿ ಕಾಣದೆ ಹೊರಗೆ ಹೋಗಿ ವರಾಂಡದಲ್ಲಿ ನಿಂತೆ. ಒಳಗೆ ಸದ್ದೇ ಇಲ್ಲ! ಇಣುಕಿದರೆ, ಲೀಡರ್ ಬೋರ್ಡಿನ ಮೇಲೆ 'ಮಾತಾಡಿದವರು' ಅಂತ ಬರೆದು, ಅಡಿಗೆರೆ ಎಳೆದು, ಚಾಕ್‌ಪೀಸ್ ಹಿಡಿದು ನಿಂತಿದ್ದ. ಕೆಳಗೆ ಒಂದೂ ಹೆಸರಿಲ್ಲ.

ತರಬೇತಿಯ ಫಾರಂ ನಾಳೆ ತುಂಬಿ ಕೊಡಬೇಕು. 'ತಂತ್ರದಿಂದ ತರಗತಿ ನಿಶ್ಶಬ್ದವಾಯಿತೇ?' ಅಂತ ಕೇಳಿದ್ದಾರೆ. 'ಹೌದು' ಅಂತ ಟಿಕ್ ಹಾಕಿದ್ದೇನೆ.