ಜಪಾನಿನ ರಾಡಾರ್, ಪಂಚಾಯ್ತಿಯ ಪಾರಿವಾಳ

ಮಳೆ ಅಳೆಯಲು ಅಮೆರಿಕ, ಜಪಾನ್ ಕೂಡಿ ಮಾಡಿದ ಜಿಪಿಎಂ ಉಪಗ್ರಹ 2014ರ ಫೆಬ್ರವರಿಯಲ್ಲಿ ತಾನೆಗಾಶಿಮಾದಿಂದ ಹಾರಿತು. ರಾಡಾರ್ ಜಪಾನಿನದು, ಮೈಕ್ರೋವೇವ್ ಉಪಕರಣ ಅಮೆರಿಕದ್ದು. ಭಾರತ–ಫ್ರಾನ್ಸ್ 2011ರಲ್ಲಿ ಕಳಿಸಿದ ಮೇಘಾ-ಟ್ರಾಪಿಕ್ಸ್ ಉಪಗ್ರಹ ಕೂಡ ಅದರ ಲೆಕ್ಕಕ್ಕೆ ತನ್ನ ಪಾಲು ಕೊಟ್ಟಿತು. ಇಷ್ಟು ದೇಶ ಸೇರಿದರೂ ಯಾರೂ ‘ಕೀಲಿ ನನ್ ಹತ್ರ ಇಲ್ರಿ’ ಅನ್ನಲಿಲ್ಲ.

ಆ ಮಾತು ಕೇಳಬೇಕಾದರೆ ವಿಜಯಪುರ ಜಿಲ್ಲೆಯ ದ್ರಾಕ್ಷಿ ಸೀಮೆಗೆ ಬರಬೇಕು. ಉಪಗ್ರಹದ ಲೆಕ್ಕದಲ್ಲಿ ಒಂದು ಚೌಕದ ಬದಿಯೇ ಸುಮಾರು 11 ಕಿ.ಮೀ.; ಹಲವು ಊರು ಅದರಲ್ಲೇ ಮುಗಿದವು. ಹೀಗಾಗಿ ಹವಾಮಾನ ಆಧಾರಿತ ಬೆಳೆ ವಿಮೆ ನಂಬುವುದು ಪಂಚಾಯ್ತಿ ಮಾಳಿಗೆಯ ಮೇಲಿನ ಮಳೆಮಾಪಕವನ್ನು. ಎಷ್ಟು ಗೊನೆ ಕೊಳೆತವೆಂದು ವಿಮೆ ಬಳ್ಳಿಯನ್ನು ಕೇಳುವುದಿಲ್ಲ, ಮಾಪಕದ ಡಬ್ಬಿಯನ್ನು ಕೇಳುತ್ತದೆ.

ಡಬ್ಬಿಯೊಳಗೆ ತಕ್ಕಡಿಯಂತೆ ಹೊಯ್ದಾಡುವ ಜೋಡಿ ಬಟ್ಟಲು. ಅರ್ಧ ಮಿಲಿಮೀಟರ್ ಮಾದರಿಯಲ್ಲಿ ಒಂದು ಸಲ ಮಗುಚಿದರೆ ಅರ್ಧ ಮಿ.ಮೀ. ಮಳೆ. ಆಲಿಕೆಯಲ್ಲಿ ಪಾರಿವಾಳ ನಾಲ್ಕು ಕಡ್ಡಿ ಇಟ್ಟಿತೋ, ನೀರು ಮೇಲೆಯೇ ನಿಲ್ಲುತ್ತದೆ. ರಾತ್ರಿಯ ಜಡಿಮಳೆಗೆ ಸೊನ್ನೆ. ಮರುದಿನ ರಣಬಿಸಿಲಲ್ಲಿ ತೊಟ್ಟಿಕ್ಕಿದ್ದಕ್ಕೆ ತುಂತುರು ಮಳೆಯ ದಾಖಲೆ! ಬ್ಯಾಟರಿ ಸತ್ತರೆ ‘ಮಾಹಿತಿ ಇಲ್ಲ’ ಎಂದು ಬಂದು ಯಾರಾದರೂ ವಿಚಾರಿಸಿಯಾರು. ಸೊನ್ನೆಯಾದರೋ ಅಪ್ಪಟ ಮಾಹಿತಿ. ಸತ್ತ ಯಂತ್ರಕ್ಕಿರುವ ಮರ್ಯಾದೆ ಗಂಟಲು ಕಟ್ಟಿದ ಯಂತ್ರಕ್ಕಿಲ್ಲ.

ಮದ್ದು ದೊಡ್ಡದಲ್ಲ. ಆಲಿಕೆ ಎತ್ತಿ ಜಾಲರಿ ತೊಳೆಯಬೇಕು, ಡಬ್ಬಿ ವಾಲಿಲ್ಲವೆಂದು ತೋರಿಸುವ ಮಟ್ಟದ ಗುಳ್ಳೆ ನಡುವೆ ಇದೆಯೇ ನೋಡಬೇಕು. ಬಾಯಿ 200 ಮಿ.ಮೀ. ಅಗಲವಿದ್ದರೆ 314 ಮಿ.ಲೀ. ನೀರನ್ನು, ಅಂದರೆ 10 ಮಿ.ಮೀ. ಮಳೆಯಷ್ಟನ್ನು, ಮುಚ್ಚಳಕ್ಕೆ ಸಣ್ಣ ತೂತು ಹಾಕಿದ ಬಾಟಲಿಯಿಂದ ಅರ್ಧ ಗಂಟೆ ಹನಿಸಬೇಕು. ಬಟ್ಟಲು ಸುಮಾರು 20 ಸಲ ಮಗುಚಬೇಕು. ಗಡಬಡಿಸಿ ಸುರಿದರೆ ಮಗುಚುವ ಹೊತ್ತಿನಲ್ಲೇ ನೀರು ಸೋರಿ ಎಣಿಕೆ ಕಡಿಮೆ ಬರುತ್ತದೆ. ಪರೀಕ್ಷೆಯೆಂದು ಅಂಕಿ ದಾಖಲಿಸುವವರಿಗೆ ಮೊದಲೇ ತಿಳಿಸಿರಬೇಕು, ಇಲ್ಲವಾದರೆ ಊರಿಗೆ ಒಂದು ಸೆಂಟಿಮೀಟರ್ ಮಳೆ ಪುಕ್ಕಟೆ.

ಮಾಡುವವರು? ‘ಮಷೀನು ನಮ್ದಲ್ರಿ’ ಎನ್ನುತ್ತದೆ ಪಂಚಾಯ್ತಿ. ‘ಕಟ್ಟಡ ನಮ್ದಲ್ರಿ’ ಎನ್ನುತ್ತಾರೆ ಯಂತ್ರದವರು. ‘ಅಂಕಿ ನಮ್ದಲ್ರಿ’ ಎನ್ನುತ್ತಾರೆ ವಿಮೆಯವರು. ಅಲ್ಲಿ ಕಾಯಂ ಹುದ್ದೆಯಲ್ಲಿರುವುದು ಪಾರಿವಾಳ ಒಂದೇ, ಹಾಜರಾತಿಯೂ ಪಕ್ಕಾ.

ಆದ್ದರಿಂದ ಮೂವರ ನಡುವೆ ಅಂತರರಾಷ್ಟ್ರೀಯ ಮಟ್ಟದ ಒಪ್ಪಂದವೇ ಆಗಲಿ. ಬೇಕಾದರೆ ಜಪಾನಿನವರು ಮಧ್ಯಸ್ಥಿಕೆ ವಹಿಸಲಿ. ಕಲಂ ಒಂದು: ಮಾಳಿಗೆಯ ಕೀಲಿ ಪಿಡಿಓ ಹತ್ತಿರ. ಕಲಂ ಎರಡು: ಪೊರಕೆ ಯಂತ್ರದವರದು. ಕಲಂ ಮೂರು, ಏಣಿ ಯಾರದು ಎಂಬುದು, ಮುಂದಿನ ಸಭೆಗೆ.